ವೆಲ್ಲೂರಿನಿಂದ ಕಲ್ಕತ್ತೆಗೆ

ಕಿರಂಗೂರಿನ ಬನ್ನಿಮಂಟಪದಿಂದ ಶ್ರೀರಂಗಪಟ್ಟಣದ ದಸರಾ ಮೆರವಣಿಗೆ ಹೊರಡುವುದನ್ನು ಕಂಡು, ಮರುದಿನ ಗಂಜಾಮಿನ ಗುಂಬಜಿಗೆ ಹೋಗಿಬರುವುದು ನನ್ನ ವಾಡಿಕೆ. ಹೈದರನೂ ಟಿಪ್ಪುವೂ ಅಲ್ಲಿ ಮಲಗಿದ್ದಾರೆ. ನನಗೆ ಮಾತ್ರ, ಅಲ್ಲಿ ಮಣ್ಣಾಗುವ ಭಾಗ್ಯವಿಲ್ಲದ ಕಿರಿಯ ಮಗ ಗುಲಾಂ ಮಹಮ್ಮದರ ನೆನಪು ಬರುತ್ತದೆ.

ಅವರು ಹುಟ್ಟಿದ್ದು ೧೭೯೫ರಲ್ಲಿ. ೧೭೯೯ರ ಮೇ ೪ರಂದು ಕೋಟೆ ಬಿದ್ದು ತಂದೆ ಮಡಿದಾಗ ನಾಲ್ಕು ವರ್ಷದ ಕೂಸು. ಗೆದ್ದ ಕಂಪನಿ ಸರ್ಕಾರವು ಟಿಪ್ಪುವಿನ ಸಂಸಾರವನ್ನು ವೆಲ್ಲೂರಿನ ಕೋಟೆಗೆ ಸಾಗಿಸಿ, ವಸತಿಯನ್ನೂ ವರ್ಷಾಶನವನ್ನೂ ಕೊಟ್ಟಿತು. ಮನೆಯೂ ಅದೇ, ಸೆರೆಯೂ ಅದೇ.

೧೮೦೬ರ ಜುಲೈ ೧೦ರ ನಸುಕಿನಲ್ಲಿ ಆ ಕೋಟೆಯ ಸಿಪಾಯಿಗಳು ದಂಗೆಯೆದ್ದರು. ಹಣೆಯ ನಾಮ, ವಿಭೂತಿಗಳನ್ನು ಅಳಿಸಿ, ಗಡ್ಡ ಬೋಳಿಸಿ, ಹೊಸ ಬಗೆಯ ರುಮಾಲು ತೊಡಬೇಕೆಂಬ ಆಜ್ಞೆ ಅವರನ್ನು ಕೆರಳಿಸಿತ್ತು. ಅರಮನೆಯಲ್ಲಿ ಆಗತಾನೆ ಟಿಪ್ಪುವಿನ ಮಗಳ ಮದುವೆ ನಡೆದಿತ್ತು. ಕೋಟೆಯ ಮೇಲೆ ಮೈಸೂರಿನ ಹುಲಿಯ ಬಾವುಟ ಏರಿತು. ಆರ್ಕಾಟಿನಿಂದ ಧಾವಿಸಿದ ಗಿಲೆಸ್ಪಿ ಅಂದೇ ದಂಗೆಯನ್ನು ರಕ್ತದಲ್ಲಿ ಅಡಗಿಸಿದನು. ಗುಮಾನಿ ರಾಜಕುಮಾರರ ಮೇಲೆ ಬಿತ್ತು. ಅವರನ್ನೆಲ್ಲ ದೂರದ ಕಲ್ಕತ್ತೆಗೆ ಸಾಗಿಸಲಾಯಿತು. ಹನ್ನೊಂದು ವರ್ಷದ ಗುಲಾಂ ಮಹಮ್ಮದರೂ ಹೊರಡಬೇಕಾಯಿತು. ಟಿಪ್ಪುವಿನ ರಾಣಿವಾಸದ ಹಲವರು ವೆಲ್ಲೂರಿನಲ್ಲೇ ಉಳಿದರು. ಅವರ ಗೋರಿಗಳು ಇಂದಿಗೂ ಅಲ್ಲಿವೆ.

ರಾಜ್ಯದ ಶಾಂತಿಗಾಗಿ ಹೀಗೆ ಮಾಡಬೇಕಾಯಿತೆಂದು ಕಂಪನಿಯ ಪಕ್ಷದವರು ಹೇಳಬಹುದು. ಆ ಮಾತನ್ನು ನಾನು ಪೂರ್ತಿಯಾಗಿ ತಳ್ಳಿಹಾಕಲಾರೆ. ಆದರೆ ಆಜ್ಞೆಗಳಿಗೆ ಹೊಣೆಯಾದ ಗವರ್ನರ್ ಬೆಂಟಿಂಕನೂ ದಂಡನಾಯಕ ಕ್ರ್ಯಾಡಕನೂ ತಮ್ಮ ತಮ್ಮ ಕೃತ್ಯಕ್ಕಾಗಿ ಪದವಿ ಕಳೆದುಕೊಂಡರು. ಬಾಲಕನಾದರೋ, ಅದೇ ಮನೆಯಲ್ಲಿದ್ದ ಕಾರಣಕ್ಕೆ ಮನೆ ಕಳೆದುಕೊಂಡನು.

ಕಲ್ಕತ್ತೆಯ ಟಾಲಿಗಂಜಿನ ಕಡೆ ಅವರ ಬಾಳು ಸಾಗಿತು. ೧೮೪೦ರಲ್ಲಿ ವರ್ಷಾಶನದ ಬಾಕಿ ಕೈಗೆ ಬಂತು. ೧೮೪೨ರಲ್ಲಿ ಧರ್ಮತಲಾದಲ್ಲಿ ಮಸೀದಿಯೊಂದನ್ನು ಕಟ್ಟಿಸಿ, ದೇವರಿಗೆ ಕೃತಜ್ಞತೆಯನ್ನೂ ಬಾಕಿ ಕೊಟ್ಟ ಕಂಪನಿಯ ಸ್ಮರಣೆಯನ್ನೂ ಒಂದೇ ಕಲ್ಲಿನಲ್ಲಿ ಕೆತ್ತಿಸಿದರು. ಹೊರಹಾಕಿದವರನ್ನೇ ಸ್ಮರಿಸಬೇಕಾದ ಆ ಸಂಕಟವನ್ನು ಎಣಿಸಿದರೆ ನನ್ನ ಮನಸ್ಸು ಮೂಕವಾಗುತ್ತದೆ. ೧೮೫೫ರಲ್ಲಿ ಅಜ್ಜ ಮತ್ತು ತಂದೆಯ ಚರಿತ್ರೆಯ ಇಂಗ್ಲಿಷ್ ಗ್ರಂಥವೊಂದನ್ನು ಪರಿಷ್ಕರಿಸಿ ಹೊರತಂದರು. ೧೮೭೦ರಲ್ಲಿ ಸರ್ ಪದವಿ ಬಂತು, ೧೮೭೨ರಲ್ಲಿ ತೀರಿಕೊಂಡರು.

ಇನ್ನೊಂದು ಮಾತನ್ನು ಮುಚ್ಚಿಡುವುದು ಸತ್ಯಕ್ಕೆ ಅಪಚಾರ. ೧೭೮೪ರಲ್ಲಿ, ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ, ಕೆನರಾದ ಕ್ರೈಸ್ತ ಸಂಸಾರಗಳನ್ನು ಮಕ್ಕಳುಮರಿ ಸಹಿತ ಮನೆ ಬಿಡಿಸಿ ಇದೇ ಶ್ರೀರಂಗಪಟ್ಟಣಕ್ಕೆ ನಡೆಸಿ ತಂದವನು ಟಿಪ್ಪುವೇ. ದಾರಿಯಲ್ಲಿ ಸತ್ತವರು ಅನೇಕರು. ತಂದೆ ಪರರ ಮಕ್ಕಳಿಗೆ ವಿಧಿಸಿದ್ದನ್ನೇ ಕಂಪನಿ ಅವನ ಮಕ್ಕಳಿಗೆ ವಿಧಿಸಿತು. ಎರಡೂ ಕಡೆ ಅನ್ಯಾಯ ಒಂದೇ.

ಸರ್ಕಾರ ಕೊಟ್ಟ ಮನೆಯಲ್ಲಿ ಒಬ್ಬ ತಪ್ಪು ಮಾಡಿದರೆ ಇಡೀ ಸಂಸಾರವನ್ನು ಹೊರಹಾಕುವುದು ನ್ಯಾಯವೇ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ೨೦೨೪ರ ನವೆಂಬರ್ ೧೩ರಂದು ನಮ್ಮ ಸರ್ವೋಚ್ಚ ನ್ಯಾಯಾಲಯವು, ಒಬ್ಬನು ಆರೋಪಿಯಾದನೆಂಬ ಕಾರಣಕ್ಕೆ ಅವನ ಮನೆಯನ್ನು ಕೆಡವಿ ಮನೆಮಂದಿಯನ್ನೆಲ್ಲ ದಂಡಿಸಲಾಗದೆಂದು ತೀರ್ಪಿತ್ತಿತು. ಅದನ್ನು ಓದಿದ ದಿನ, ಗಂಟು ಕಟ್ಟಿಕೊಂಡು ವೆಲ್ಲೂರಿನ ಬಾಗಿಲು ದಾಟಿದ ಹನ್ನೊಂದರ ಬಾಲಕ ನನ್ನ ಕಣ್ಣಮುಂದೆ ಬಂದನು.