ಫ್ಲಾರೆನ್ಸ್ ನೈಟಿಂಗೇಲಳ ಲೆಕ್ಕ

ಇರುಳಿನಲ್ಲಿ ಕೈದೀಪ ಹಿಡಿದು ಗಾಯಾಳು ಸೈನಿಕರ ಹಾಸಿಗೆಗಳ ನಡುವೆ ನಡೆದುಬರುವ ಮಹಿಳೆಯ ಚಿತ್ರವನ್ನು ನೋಡದ ವಿದ್ಯಾರ್ಥಿಗಳು ವಿರಳ. ಫ್ಲಾರೆನ್ಸ್ ನೈಟಿಂಗೇಲ್ ಎಂದೊಡನೆ ಮನಸ್ಸಿನಲ್ಲಿ ಮೂಡುವುದು ಆ ಚಿತ್ರವೇ. ಅದು ಸುಳ್ಳಲ್ಲ. ಆದರೆ ಆ ದೀಪದ ಬೆಳಕಿನಲ್ಲಿ ಆಕೆಯ ಇನ್ನೊಂದು ಕೆಲಸ, ಬಹುಶಃ ಅದಕ್ಕಿಂತಲೂ ಹಿರಿದಾದ ಕೆಲಸ, ಮಸುಕಾಗಿ ಹೋಗಿದೆ. ಸಾವಿರಾರು ಸಾವುಗಳ ಕಾರಣಗಳನ್ನು ಎಣಿಸಿ, ಅವುಗಳಲ್ಲಿ ಯಾವುದು ಹಿರಿದು, ಯಾವುದು ಕಿರಿದು ಎಂದು ತೂಗಿ ನೋಡಿ, ಹಿರಿದಾದ ಕಾರಣವನ್ನು ಮೊದಲು ನಿವಾರಿಸಬೇಕೆಂದು ಒಂದು ಸಾಮ್ರಾಜ್ಯದ ಆಡಳಿತವನ್ನೇ ಒಪ್ಪಿಸಿದವಳು ಆಕೆ.

ಇಂಗ್ಲೆಂಡಿನ ಸಿರಿವಂತ ದಂಪತಿಗಳು ಇಟಲಿಯಲ್ಲಿ ಪ್ರವಾಸದಲ್ಲಿದ್ದಾಗ, 1820ರ ಮೇ 12ರಂದು, ಫ್ಲಾರೆನ್ಸ್ ನಗರದಲ್ಲಿ ಆಕೆ ಜನಿಸಿದಳು. ಹುಟ್ಟಿದ ಊರಿನ ಹೆಸರೇ ಮಗುವಿನ ಹೆಸರಾಯಿತು. ತಂದೆ ವಿಲಿಯಂ ನೈಟಿಂಗೇಲ್ ವಿದ್ಯಾಪ್ರಿಯರು. ಮಗಳಿಗೆ ಗ್ರೀಕ್, ಲ್ಯಾಟಿನ್, ಇತಿಹಾಸ, ತತ್ತ್ವಶಾಸ್ತ್ರಗಳನ್ನು ತಾವೇ ಕಲಿಸಿದರು. ಆದರೆ ಹುಡುಗಿಯ ಒಲವೆಲ್ಲ ಗಣಿತದ ಕಡೆಗೆ. ಹೆಣ್ಣುಮಗಳಿಗೆ ಗಣಿತದಿಂದ ಏನು ಪ್ರಯೋಜನವೆಂದು ಮನೆಯಲ್ಲಿ ಚರ್ಚೆಯೇ ನಡೆಯಿತು. ಕೊನೆಗೆ ಹಟ ಗೆದ್ದಿತು, ಪಾಠವೂ ನಡೆಯಿತು. ದಾದಿಯಾಗಬೇಕೆಂಬ ಆಸೆಗೆ ಮಾತ್ರ ಇನ್ನೂ ಬಲವಾದ ವಿರೋಧ ಎದುರಾಯಿತು. ಆ ಕಾಲದ ಆಸ್ಪತ್ರೆಗಳು ಕೊಳಕಿನ ಆಗರಗಳು. ದಾದಿಯರ ವೃತ್ತಿಗೆ ಸಮಾಜದಲ್ಲಿ ಗೌರವವಿರಲಿಲ್ಲ. ವರ್ಷಗಟ್ಟಲೆ ಕಾದು, 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ಕೆಲವು ತಿಂಗಳು ತರಬೇತಿ ಪಡೆದು, 1853ರಲ್ಲಿ ಲಂಡನ್ನಿನ ಒಂದು ಚಿಕ್ಕ ಆಸ್ಪತ್ರೆಯ ಮೇಲ್ವಿಚಾರಕಿಯಾದಳು.

ಅದೇ ವರ್ಷ ರಷ್ಯಕ್ಕೂ ತುರ್ಕಿಗೂ ಯುದ್ಧ ಆರಂಭವಾಯಿತು. 1854ರ ಮಾರ್ಚಿಯಲ್ಲಿ ಬ್ರಿಟನ್ನೂ ಫ್ರಾನ್ಸೂ ತುರ್ಕಿಯ ಪಕ್ಷ ವಹಿಸಿ ರಣರಂಗಕ್ಕಿಳಿದವು. ಕಾಳಗ ನಡೆದದ್ದು ಕಪ್ಪು ಸಮುದ್ರದ ತೀರದ ಕ್ರಿಮಿಯದಲ್ಲಿ. ಗಾಯಗೊಂಡ ಬ್ರಿಟಿಷ್ ಸೈನಿಕರನ್ನು ಹಡಗುಗಳಲ್ಲಿ ತುಂಬಿ, ಸಮುದ್ರ ದಾಟಿಸಿ ತರುತ್ತಿದ್ದದ್ದು ಇಸ್ತಾಂಬುಲಿನ ಎದುರು ದಡದ ಸ್ಕುಟಾರಿಗೆ. ಅಲ್ಲಿನ ದುರವಸ್ಥೆಯನ್ನು ವೃತ್ತಪತ್ರಿಕೆಗಳು ಬಯಲಿಗೆಳೆದಾಗ ಇಂಗ್ಲೆಂಡಿನ ಜನ ಕೆರಳಿದರು. ಯುದ್ಧಖಾತೆಯ ಸಚಿವ ಸಿಡ್ನಿ ಹರ್ಬರ್ಟರು ನೈಟಿಂಗೇಲಳ ನೆರವು ಕೋರಿದರು. 38 ಮಂದಿ ದಾದಿಯರೊಡನೆ ಆಕೆ 1854ರ ನವೆಂಬರ್ 4ರಂದು ಸ್ಕುಟಾರಿಯನ್ನು ತಲುಪಿದಳು.

ಅಲ್ಲಿ ಕಂಡದ್ದನ್ನು ಆಸ್ಪತ್ರೆಯೆನ್ನುವುದೇ ಕಷ್ಟ. ತುರ್ಕಿಯ ಸೈನಿಕರು ವಾಸಿಸುತ್ತಿದ್ದ ಭಾರಿ ವಸತಿಗೃಹವನ್ನೇ ಆಸ್ಪತ್ರೆಯೆಂದು ಕರೆಯಲಾಗಿತ್ತು. ಮಂಚಗಳು ಸಾಲದೆ ರೋಗಿಗಳು ನೆಲದ ಮೇಲೆ ಬಿದ್ದಿದ್ದರು. ಸಾಬೂನಿಲ್ಲ, ಶುಭ್ರವಾದ ಬಟ್ಟೆಯಿಲ್ಲ, ಪಾತ್ರೆಗಳಿಲ್ಲ. ಇದ್ದ ಸಾಮಾನುಗಳೂ ನಿಯಮದ ಕಾಗದಗಳು ಪೂರ್ತಿಯಾಗುವವರೆಗೆ ಉಗ್ರಾಣದಿಂದ ಹೊರಬರುತ್ತಿರಲಿಲ್ಲ. ನೈಟಿಂಗೇಲ್ ಎದೆಗುಂದಲಿಲ್ಲ. ಸಾರ್ವಜನಿಕರು ಕೊಟ್ಟ ಹಣದಿಂದಲೂ ತನ್ನ ಸ್ವಂತ ಹಣದಿಂದಲೂ ಬೇಕಾದುದನ್ನು ಪೇಟೆಯಿಂದ ತರಿಸಿದಳು. ಪಥ್ಯದ ಅಡುಗೆಗೆ ಪ್ರತ್ಯೇಕ ಪಾಕಶಾಲೆ ತೆರೆದಳು. ಮನೆಯೊಂದನ್ನು ಬಾಡಿಗೆಗೆ ಹಿಡಿದು ಸೈನಿಕರ ಹೆಂಡಂದಿರಿಂದ ಬಟ್ಟೆ ಒಗೆಸಿದಳು. ರಾತ್ರಿ ದೀಪ ಹಿಡಿದು ಸುತ್ತಿದ್ದೂ ಆಗಲೇ.

ಇಷ್ಟೆಲ್ಲ ಆದಮೇಲೆ ಸಾವು ಇಳಿಯಬೇಕಾಗಿತ್ತು. ಇಳಿಯಲಿಲ್ಲ, ಏರಿತು. ಒಳ್ಳೆಯ ಆಹಾರ, ಬೆಚ್ಚನೆಯ ಹೊದಿಕೆ, ಮಮತೆಯ ಆರೈಕೆ ಇವೆಲ್ಲವೂ ದೊರೆತಮೇಲೂ, 1855ರ ಫೆಬ್ರುವರಿಯಲ್ಲಿ ಚಿಕಿತ್ಸೆಗೆ ಬಂದ ನೂರು ರೋಗಿಗಳಲ್ಲಿ ಸುಮಾರು 43 ಮಂದಿ ಸಾಯುತ್ತಿದ್ದರು. ಕಟ್ಟಡದ ಕೆಳಗೆ ಕಟ್ಟಿಕೊಂಡ ಚರಂಡಿಗಳು ಕೊಳೆಯುತ್ತಿದ್ದವು. ಅವುಗಳ ಕೆಟ್ಟ ಗಾಳಿ ವಾರ್ಡುಗಳಿಗೇ ನುಗ್ಗುತ್ತಿತ್ತು. ಹಡಗುಗಳು ಹೊಸ ರೋಗಿಗಳನ್ನು ತಂದು ಸುರಿದಂತೆಲ್ಲ ಇಕ್ಕಟ್ಟು ಹೆಚ್ಚುತ್ತಿತ್ತು. ಮಾರ್ಚ್ ತಿಂಗಳಲ್ಲಿ ಇಂಗ್ಲೆಂಡಿನಿಂದ ನೈರ್ಮಲ್ಯ ಆಯೋಗವೊಂದು ಬಂದಿತು. ವೈದ್ಯ ಜಾನ್ ಸದರ್ಲೆಂಡ್ ಮತ್ತು ಎಂಜಿನಿಯರ್ ರಾಬರ್ಟ್ ರಾಲಿನ್‌ಸನ್ ಅದರ ಸದಸ್ಯರಲ್ಲಿ ಪ್ರಮುಖರು. ಅವರು ಚರಂಡಿಗಳನ್ನು ತೊಳೆಯಿಸಿದರು, ಕಸವನ್ನೂ ಸತ್ತ ಪ್ರಾಣಿಗಳನ್ನೂ ಗಾಡಿಗಟ್ಟಲೆ ಸಾಗಿಸಿದರು, ಗೋಡೆಗಳಿಗೆ ಸುಣ್ಣ ಬಳಿಸಿದರು, ಗಾಳಿಯಾಡುವಂತೆ ಮಾಡಿದರು. ಜೂನ್ ವೇಳೆಗೆ ಮರಣದ ಪ್ರಮಾಣ ನೂರಕ್ಕೆ ಸುಮಾರು 2ಕ್ಕೆ ಇಳಿದಿತ್ತು.

ಆದರೆ ಈ ಇಳಿತದ ಕೀರ್ತಿ ಯಾವುದಕ್ಕೆ ಸಲ್ಲಬೇಕು? ಆ ತಿಂಗಳುಗಳಲ್ಲೇ ಚಳಿಗಾಲವೂ ಮುಗಿದಿತ್ತು, ಸಾಮಾನು ಸರಬರಾಜೂ ಸುಧಾರಿಸಿತ್ತು, ನೂಕುನುಗ್ಗಲೂ ಕಡಿಮೆಯಾಗಿತ್ತು. ಹಲವು ಕಾರಣಗಳು ಒಂದರೊಡನೊಂದು ಹೆಣೆದುಕೊಂಡಿದ್ದವು. ನೈಟಿಂಗೇಲಳೇ ಬಹುಕಾಲ ಸಾವಿಗೆ ಮುಖ್ಯ ಕಾರಣ ಕೆಟ್ಟ ಆಹಾರ, ಅತಿಯಾದ ದುಡಿತ, ರೋಗಿಗಳನ್ನು ತಡವಾಗಿ ಕಳುಹಿಸಿದುದು ಎಂದು ನಂಬಿದ್ದಳು. ಕಣ್ಣಾರೆ ಕಂಡವಳಿಗೇ ಕಾರಣ ಕಾಣದೆ ಹೋದ ಸಂಗತಿ ಇದು.

1856ರ ಆಗಸ್ಟಿನಲ್ಲಿ ಆಕೆ ತಾಯ್ನಾಡಿಗೆ ಮರಳಿದಳು. ಜನ ಸ್ವಾಗತದ ಮೆರವಣಿಗೆಗೆ ಸಿದ್ಧರಾಗಿದ್ದರೆ, ಆಕೆ ಹೆಸರು ಮರೆಸಿಕೊಂಡು ಸದ್ದಿಲ್ಲದೆ ಮನೆ ಸೇರಿದಳು. ಕ್ರಿಮಿಯದಲ್ಲಿ ತಗುಲಿದ ಜ್ವರದಿಂದ ದೇಹ ಜರ್ಜರಿತವಾಗಿತ್ತು. ಮನಸ್ಸಿನಲ್ಲಿದ್ದದ್ದು ಮಡಿದವರ ನೆನಪು. ಅವರೇಕೆ ಸತ್ತರೆಂಬುದನ್ನು ತಿಳಿಯದೆ ಆಕೆಗೆ ನೆಮ್ಮದಿಯಿರಲಿಲ್ಲ. ತಿಳಿಯುವುದಾದರೂ ಹೇಗೆ? ಸೈನ್ಯದ ಬೇರೆ ಬೇರೆ ಇಲಾಖೆಗಳು ಬೇರೆ ಬೇರೆ ಲೆಕ್ಕವಿಟ್ಟಿದ್ದವು. ಸತ್ತವರ ಸಂಖ್ಯೆಯೂ ಒಂದರಲ್ಲಿದ್ದಂತೆ ಇನ್ನೊಂದರಲ್ಲಿರಲಿಲ್ಲ. ದೇಶದ ಜನನ ಮರಣಗಳ ಅಂಕಿ ಅಂಶಗಳಲ್ಲಿ ಪರಿಣತರಾಗಿದ್ದ ವಿಲಿಯಂ ಫಾರ್ ಎಂಬುವರ ನೆರವಿನಿಂದ ಆಕೆ ಆ ದಾಖಲೆಗಳನ್ನು ಒಪ್ಪಗೊಳಿಸತೊಡಗಿದಳು. ಪ್ರತಿಯೊಂದು ತಿಂಗಳ ಸಾವುಗಳನ್ನು ಕಾರಣಗಳಿಗನುಸಾರವಾಗಿ ಮೂರು ರಾಶಿ ಮಾಡಿದಳು: ತಡೆಯಬಹುದಾಗಿದ್ದ ಸಾಂಕ್ರಾಮಿಕ ರೋಗಗಳು, ಯುದ್ಧದ ಗಾಯಗಳು, ಉಳಿದ ಎಲ್ಲ ಕಾರಣಗಳು.

ರಾಶಿಗಳು ಸಮನಾಗಿರಲಿಲ್ಲ. 1855ರ ಜನವರಿ ತಿಂಗಳೊಂದನ್ನೇ ನೋಡಬಹುದು. ಗಾಯಗಳಿಂದ ಸತ್ತವರು 83. ಉಳಿದ ಕಾರಣಗಳಿಂದ 324. ತಡೆಯಬಹುದಾಗಿದ್ದ ರೋಗಗಳಿಂದ 2,761. ಆ ತಿಂಗಳು ಸತ್ತ ನೂರು ಮಂದಿಯಲ್ಲಿ 87 ಮಂದಿಯನ್ನು ಕೊಂದದ್ದು ಒಂದೇ ಬಗೆಯ ಕಾರಣ. ವೈರಿಯ ಗುಂಡಿಗೆ ಬಲಿಯಾದವರು ನೂರಕ್ಕೆ ಮೂವರೂ ಇಲ್ಲ. ವೀರಮರಣವೆಂದು ದೇಶ ಕಣ್ಣೀರಿಟ್ಟ ಸಾವುಗಳಲ್ಲಿ ಬಹುಪಾಲು ಕೊಳೆ ಮತ್ತು ಇಕ್ಕಟ್ಟಿನ ಫಲವಾಗಿದ್ದವು.

ಈ ಸತ್ಯವನ್ನು ಅಂಕಿಗಳ ಪಟ್ಟಿಯಾಗಿ ಕೊಟ್ಟರೆ ಮಂತ್ರಿಗಳು ಓದುವುದಿಲ್ಲವೆಂಬುದು ಆಕೆಗೆ ಗೊತ್ತಿತ್ತು. ಆದುದರಿಂದ 1858ರಲ್ಲಿ ಅಚ್ಚಾದ ತನ್ನ ವರದಿಯಲ್ಲಿ ಅದನ್ನು ಚಿತ್ರವಾಗಿ ಬರೆದಳು. ಹನ್ನೆರಡು ತಿಂಗಳುಗಳಿಗೆ ಹನ್ನೆರಡು ಎಸಳುಗಳು. ರೋಗಕ್ಕೆ ನೀಲಿ, ಗಾಯಕ್ಕೆ ಕೆಂಪು, ಇತರ ಕಾರಣಗಳಿಗೆ ಕಪ್ಪು. ಬಣ್ಣದ ವಿಸ್ತೀರ್ಣ ಹೆಚ್ಚಿದಷ್ಟೂ ಸಾವು ಹೆಚ್ಚು. ನಡುವೆ ಕೆಂಪು ಒಂದಿಷ್ಟೇ. ಅದರ ಸುತ್ತ ನೀಲಿಯೋ ನೀಲಿ. ಅಂಕಗಣಿತ ಬಾರದವನಿಗೂ ಮೊದಲು ಕೈ ಹಾಕಬೇಕಾದದ್ದು ಎಲ್ಲಿಗೆಂಬುದು ಒಂದೇ ನೋಟಕ್ಕೆ ತಿಳಿಯುತ್ತಿತ್ತು.

ಇಂದಿನ ಕಾರ್ಖಾನೆಗಳಲ್ಲಿಯೂ ಇಂಥದೇ ಕ್ರಮವೊಂದುಂಟು. ತಯಾರಾದ ವಸ್ತುಗಳ ದೋಷಗಳನ್ನು ಕಾರಣವಾರು ಎಣಿಸಿ, ಅತಿ ಹೆಚ್ಚು ದೋಷಕ್ಕೆ ಮೂಲವಾದುದನ್ನು ಮೊದಲ ಕಂಬವಾಗಿಯೂ ಉಳಿದವನ್ನು ಇಳಿಯುವ ಕ್ರಮದಲ್ಲಿಯೂ ನಿಲ್ಲಿಸಿ ನಕ್ಷೆ ಬರೆಯುತ್ತಾರೆ. ಹಲವು ಕಾರಣಗಳಿದ್ದರೂ ಹೆಚ್ಚಿನ ಹಾನಿಗೆ ಕೆಲವೇ ಕಾರಣಗಳು ಹೊಣೆಯೆಂಬ ಈ ತತ್ತ್ವಕ್ಕೆ ಜೋಸೆಫ್ ಜುರಾನ್ ಎಂಬ ಅಮೆರಿಕದ ಎಂಜಿನಿಯರ್ ಇಟಲಿಯ ಅರ್ಥಶಾಸ್ತ್ರಜ್ಞ ಪರೇಟೊನ ಹೆಸರನ್ನಿಟ್ಟರು. ಇದು ಇಪ್ಪತ್ತನೆಯ ಶತಮಾನದ ಮಾತು. ಪರೇಟೊ ಹುಟ್ಟಿದ್ದೇ 1848ರಲ್ಲಿ. ನೈಟಿಂಗೇಲ್ ತನ್ನ ಎಸಳುಗಳಿಗೆ ಬಣ್ಣ ಹಾಕುತ್ತಿದ್ದಾಗ ಆತನಿನ್ನೂ ಹತ್ತು ವರ್ಷದ ಬಾಲಕ.

ಯುದ್ಧಕಾಲದ ಮಾತು ಬೇರೆ, ಅದು ಮುಗಿದ ಕಥೆ ಎಂದು ಅಧಿಕಾರಿಗಳು ಜಾರಿಕೊಳ್ಳಬಹುದಿತ್ತು. ಆ ದಾರಿಯನ್ನೂ ಆಕೆ ಮುಚ್ಚಿದಳು. ಶಾಂತಿಕಾಲದಲ್ಲಿ ಇಂಗ್ಲೆಂಡಿನ ಸೈನಿಕ ವಸತಿಗಳಲ್ಲಿದ್ದ ಯುವಕರು, ದೇಹದಾರ್ಢ್ಯ ನೋಡಿ ಆರಿಸಿದವರಾಗಿದ್ದರೂ, ಅದೇ ವಯಸ್ಸಿನ ನಾಗರಿಕರಿಗಿಂತ ಸುಮಾರು ಎರಡು ಪಟ್ಟು ಹೆಚ್ಚಾಗಿ ಸಾಯುತ್ತಿದ್ದರೆಂದು ತೋರಿಸಿದಳು. 1857ರಲ್ಲಿ ನೇಮಕವಾದ ರಾಜಾಯೋಗಕ್ಕೆ ಹರ್ಬರ್ಟರೇ ಅಧ್ಯಕ್ಷರು. ಸ್ತ್ರೀಯಾದುದರಿಂದ ನೈಟಿಂಗೇಲಳಿಗೆ ಅದರಲ್ಲಿ ಸ್ಥಾನವಿರಲಿಲ್ಲ. ಆದರೂ ಅದರ ಕೆಲಸದ ಬೆನ್ನೆಲುಬು ಆಕೆಯೇ. ವಸತಿಗೃಹಗಳಿಗೆ ಗಾಳಿ, ನೀರು, ಚರಂಡಿಗಳ ವ್ಯವಸ್ಥೆಯಾಯಿತು. ಸೈನ್ಯದ ವೈದ್ಯಶಾಲೆ ಸ್ಥಾಪನೆಯಾಯಿತು. ರೋಗ ಮರಣಗಳ ಲೆಕ್ಕಕ್ಕೆ ಒಂದು ಕ್ರಮ ಬಂದಿತು. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘ ಆಕೆಯನ್ನು ಸದಸ್ಯೆಯಾಗಿ ಆರಿಸಿತು. ಆ ಗೌರವ ಪಡೆದ ಮೊದಲ ಮಹಿಳೆ ಆಕೆ. ರೋಗಾಣುಗಳ ವಿಷಯ ಆಗ ಯಾರಿಗೂ ಸ್ಪಷ್ಟವಾಗಿರಲಿಲ್ಲ. ಕೆಟ್ಟ ಗಾಳಿಯೇ ರೋಗ ತರುತ್ತದೆಂದು ಆಕೆಯೂ ನಂಬಿದ್ದಳು. ಆ ನಂಬಿಕೆ ತಪ್ಪಾಗಿದ್ದರೂ ಲೆಕ್ಕ ತೋರಿದ ಚರಂಡಿ ಸರಿಯಾದ ಚರಂಡಿಯೇ ಆಗಿತ್ತು.

ಮುಂದಿನ ವರ್ಷಗಳಲ್ಲಿ ಆಕೆಯ ಗಮನ ಭಾರತದತ್ತ ತಿರುಗಿತು. ಇಲ್ಲಿಗೆ ಆಕೆ ಎಂದೂ ಬರಲಿಲ್ಲ. ಪ್ರಶ್ನಾವಳಿಗಳನ್ನು ಕಳುಹಿಸಿ ದಂಡುಗಳಿಂದ ಉತ್ತರ ತರಿಸಿಕೊಂಡಳು. ಗಾಡಿಗಟ್ಟಲೆ ಬಂದ ಆ ಕಾಗದಗಳಲ್ಲಿ ಬೆಂಗಳೂರು ದಂಡಿನ ವರದಿಯೂ ಇತ್ತು. ಪೇಟೆಯ ಚರಂಡಿಯ ನೀರು ಹಲಸೂರು ಕೆರೆಗೆ ಸೇರುತ್ತಿತ್ತೆಂದೂ ಅದೇ ಕೆರೆಯ ನೀರನ್ನು ಕುಡಿಯುತ್ತಿದ್ದರೆಂದೂ ಆಕೆ ಅದರಿಂದ ಗುರುತಿಸಿದಳು. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ಸಾವಿರಕ್ಕೆ 69ರಂತಿದ್ದ ವಾರ್ಷಿಕ ಮರಣ, 1863ರ ವರದಿಯ ನಂತರದ ಹತ್ತು ವರ್ಷಗಳಲ್ಲಿ 18ಕ್ಕೆ ಇಳಿಯಿತು. ಸೈನಿಕರಿಂದ ಆಕೆಯ ಚಿಂತನೆ ರೈತರ ಕಡೆಗೂ ಹರಿಯಿತು. ಕ್ಷಾಮ, ನೀರಾವರಿ, ಹಳ್ಳಿಗಳ ನೈರ್ಮಲ್ಯ ಇವುಗಳ ಬಗ್ಗೆ ವೈಸರಾಯರಿಗೂ ಅಧಿಕಾರಿಗಳಿಗೂ ಎಡೆಬಿಡದೆ ಬರೆದಳು.

ಇದೆಲ್ಲ ನಡೆದದ್ದು ಹೆಚ್ಚಾಗಿ ರೋಗಶಯ್ಯೆಯಿಂದಲೇ. 1860ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆ ಆಕೆಯ ಹೆಸರಿನಲ್ಲಿ ಆರಂಭವಾಯಿತು. ಎಲ್ಲ ಆಸ್ಪತ್ರೆಗಳೂ ಒಂದೇ ಮಾದರಿಯಲ್ಲಿ ರೋಗ ಮರಣಗಳ ಲೆಕ್ಕವಿಡಬೇಕೆಂಬ ಆಕೆಯ ಸಲಹೆ ಅದೇ ವರ್ಷ ಲಂಡನ್ನಿನ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನದ ಮುಂದೆ ಬಂದಿತು. 1907ರಲ್ಲಿ ಆರ್ಡರ್ ಆಫ್ ಮೆರಿಟ್ ಪ್ರಶಸ್ತಿ ಪಡೆದ ಪ್ರಥಮ ಮಹಿಳೆಯಾದಳು. ಆ ವೇಳೆಗೆ ಕಣ್ಣಿನ ಬೆಳಕು ನಂದಿತ್ತು.

1910ರ ಆಗಸ್ಟ್ 13ರಂದು ಆಕೆ ತೀರಿಕೊಂಡಳು. ದೇಶದ ಮಹನೀಯರನ್ನು ಮಣ್ಣು ಮಾಡುವ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಸ್ಥಳ ಕೊಡಲು ಸರ್ಕಾರ ಮುಂದಾಯಿತು, ಬಂಧುಗಳು ಒಪ್ಪಲಿಲ್ಲ. ಈಸ್ಟ್ ವೆಲೋ ಎಂಬ ಹಳ್ಳಿಯ ಚರ್ಚಿನ ಅಂಗಳದಲ್ಲಿ ತಂದೆತಾಯಿಯರ ಸಮಾಧಿಯಲ್ಲೇ ಆಕೆಯನ್ನು ಇಟ್ಟರು. ಆ ಕಲ್ಲಿನ ಮೇಲೆ ಆಕೆಯ ಪೂರ್ಣ ಹೆಸರಿಲ್ಲ. ಎರಡು ಅಕ್ಷರಗಳು, ಹುಟ್ಟಿದ ದಿನ, ಸತ್ತ ದಿನ, ಅಷ್ಟೇ.