ಕೆಳಗಿಳಿಯುತ್ತಿದ್ದ ಎಡಗೈ

ಚಿತ್ತಾಪುರದ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸದ ಎರಡನೇ ವಾರ. ನನ್ನ ಪಾಠ ವೀಕ್ಷಿಸಿದ ಮಾರ್ಗದರ್ಶಕರು ಒಂದೇ ದೋಷ ಬರೆದರು: ಪ್ರಶ್ನೆ ಕೇಳಿದ ಕೂಡಲೇ ನಾನು ಬೋರ್ಡಿನ ಕಡೆ ತಿರುಗುತ್ತೇನೆ, ಉತ್ತರಿಸಲು ಎದ್ದ ಮಗು ನನ್ನ ಬೆನ್ನಿಗೆ ಹೇಳಬೇಕು. ನನಗದು ಗೊತ್ತೇ ಇರಲಿಲ್ಲ. ಸೇಡಂಗೆ ಮರಳುವ ರೈಲಿನಲ್ಲಿ ಬೇಸರದಿಂದ ಕೂತಾಗ ಅಮೆರಿಕದ ಬಾಕ್ಸರ್ ಜೋ ಲೂಯಿ ನೆನಪಾದರು. ಮರುದಿನ 9ನೇ ತರಗತಿಯ ಬಲದ ಪಾಠಕ್ಕೆ ಅವರನ್ನೇ ಒಯ್ದೆ. ಮಕ್ಕಳು ಜಾತ್ರೆಯ ಕುಸ್ತಿ ಬಲ್ಲವರು, ಬಾಕ್ಸಿಂಗ್ ಅವರಿಗೆ ಹೊಸದು.

ಲೂಯಿ 1914ರಲ್ಲಿ ಅಲಬಾಮದಲ್ಲಿ, ಪಾಲಿಗೆ ಹೊಲ ಮಾಡುತ್ತಿದ್ದ ಕಪ್ಪು ಜನರ ಬಡ ಮನೆಯಲ್ಲಿ ಹುಟ್ಟಿದರು. ಹನ್ನೆರಡನೇ ವಯಸ್ಸಿಗೆ ಮನೆಯವರೊಂದಿಗೆ ಡೆಟ್ರಾಯಿಟ್‌ಗೆ ಬಂದರು. ತಾಯಿ ವಯಲಿನ್ ಕಲಿಯಲು ಕೊಟ್ಟ ಹಣವನ್ನು ಬಾಕ್ಸಿಂಗ್‌ಗೆ ಕಟ್ಟಿದರೆಂದು ಹೇಳುತ್ತಾರೆ. ಇಲ್ಲಿ ಮಕ್ಕಳು ನಕ್ಕರು. 1934ರಲ್ಲಿ ವೃತ್ತಿಗಿಳಿದರು. ತರಬೇತುದಾರ ಜಾಕ್ ಬ್ಲ್ಯಾಕ್‌ಬರ್ನ್ ತಾವೂ ಹಳೆಯ ಬಾಕ್ಸರ್. ಸಮತೋಲನ ತಪ್ಪದ ಸಣ್ಣ ಹೆಜ್ಜೆ, ಹತ್ತಿರದಿಂದ ಕೊಡುವ ಗಿಡ್ಡ ಹೊಡೆತ ಕಲಿಸಿದರು. ಸುಮಾರು ಎರಡು ವರ್ಷ ಲೂಯಿಯವರನ್ನು ಯಾರೂ ಸೋಲಿಸಲಿಲ್ಲ.

ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್ ಮಾತ್ರ ಅವರ ಪಂದ್ಯಗಳ ಫಿಲ್ಮ್ ಹಾಕಿಕೊಂಡು ನೋಡಿದರು. ಎಡಗೈಯಿಂದ ಚುಚ್ಚಿ ಹೊಡೆದ ಮೇಲೆ ಲೂಯಿ ಆ ಕೈಯನ್ನು ಮುಖದ ಮುಂದಕ್ಕೆ ತರದೆ ಕೆಳಗೆ ಬಿಡುತ್ತಿದ್ದರು. 1936ರ ಜೂನ್ 19ರಂದು ನ್ಯೂಯಾರ್ಕಿನಲ್ಲಿ ಅದೇ ತೆರವಿನಲ್ಲಿ ಶ್ಮೆಲಿಂಗ್ ಬಲಗೈ ಮತ್ತೆ ಮತ್ತೆ ನುಗ್ಗಿತು. 12ನೇ ಸುತ್ತಿನಲ್ಲಿ ಲೂಯಿ ನೆಲಕ್ಕೆ ಬಿದ್ದರು. ನನ್ನ ದೋಷವನ್ನು ಬರೀ ಕೆಂಪು ಮಸಿಯಲ್ಲಿ ತೋರಿಸಿದ್ದರು, ಅಷ್ಟೇ ಪುಣ್ಯ.

ಮರುವರ್ಷ ಲೂಯಿ ವಿಶ್ವ ಚಾಂಪಿಯನ್ ಆದರು. 1938ರ ಜೂನ್ 22ರಂದು ಮತ್ತೆ ಶ್ಮೆಲಿಂಗ್ ಎದುರು. ಈ ಸಲ ಗಂಟೆ ಬಾರಿಸಿದ ಕ್ಷಣದಿಂದಲೇ ಮೈಮೇಲೆ ಬಿದ್ದರು, ಆ ಬಲಗೈಗೆ ಕಾದು ನಿಲ್ಲಲು ಪುರುಸೊತ್ತೇ ಕೊಡಲಿಲ್ಲ. 124 ಸೆಕೆಂಡಿನಲ್ಲಿ ಪಂದ್ಯ ಮುಗಿಯಿತು.

1949ರವರೆಗೆ 25 ಬಾರಿ ಪಟ್ಟ ಉಳಿಸಿಕೊಂಡು ನಿವೃತ್ತರಾದರು. ತೆರಿಗೆ ಸಾಲ ಮತ್ತೆ ರಿಂಗಿಗೆ ಎಳೆಯಿತು. 1951ರಲ್ಲಿ ರಾಕಿ ಮಾರ್ಸಿಯಾನೋ ಎದುರು ನಿಂತಾಗ ಕಾಲು ನಿಧಾನ, ಬಲಗೈಯಲ್ಲಿ ಮೊದಲಿನ ಕಸುವಿಲ್ಲ. ಎಡಗೈಯ ಚುಚ್ಚು ಹೊಡೆತವನ್ನೇ ನಂಬಿ ಆಡಿದರು. 8ನೇ ಸುತ್ತಿನಲ್ಲಿ ಸೋತರು. 1981ರಲ್ಲಿ ತೀರಿಕೊಂಡರು.

ಗ್ಲೌಸ್ ಹಾಕಿದರೆ ಪೆಟ್ಟು ಯಾಕೆ ಕಡಿಮೆಯಾಗುತ್ತದೆಂದು ಕೇಳಿದೆ. ಕೈ ತಾನಾಗಿ ಬೋರ್ಡಿನತ್ತ ಹೋಯಿತು. ಅರ್ಧ ತಿರುಗಿ ನಿಂತೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ನನ್ನ ಮುಖ ನೋಡುತ್ತಲೇ, ಹೊಡೆತ ತಾಗುವ ಸಮಯ ಹೆಚ್ಚುತ್ತದೆ, ಅದಕ್ಕೆ ಬಲ ಕಡಿಮೆ ಎಂದಳು.