ರಾಷ್ಟ್ರನಾಯಕರ ಪಟ್ಟಿಯಲ್ಲಿ ಇಲ್ಲದ ಗುಂಡ್ಲುಪೇಟೆಯ ನಾಗರತ್ನಮ್ಮ

ಪದವಿ ಓದುವಾಗ ಇತಿಹಾಸದ ಪ್ರಾಜೆಕ್ಟ್‌ಗೆ ಒಬ್ಬ ನಾಯಕರನ್ನು ಆರಿಸಿಕೊಳ್ಳಬೇಕಿತ್ತು. ನಮ್ಮ ಕ್ಲಾಸಿನಲ್ಲಿ ಗಾಂಧಿ, ನೆಹರು, ಅಂಬೇಡ್ಕರ್, ಭಗತ್ ಸಿಂಗ್, ಇಂದಿರಾ ಗಾಂಧಿ, ಈ ಐದು ಹೆಸರುಗಳ ಆಚೆ ಹೋದವರು ಕಡಿಮೆ. ನಾನು ಬರೆದುಕೊಟ್ಟ ಹೆಸರು ಕೆ.ಎಸ್. ನಾಗರತ್ನಮ್ಮ. ಗುಂಡ್ಲುಪೇಟೆ ಕ್ಷೇತ್ರದಿಂದ ಏಳು ಸಲ ವಿಧಾನಸಭೆಗೆ ಹೋದವರು, ಕರ್ನಾಟಕದ ಮೊದಲ ಮಹಿಳಾ ಸ್ಪೀಕರ್. ಚಾಮರಾಜನಗರ ಜಿಲ್ಲೆಯ ಹುಡುಗರಿಗೂ ಅವರು ಸ್ಪರ್ಧಾತ್ಮಕ ಪರೀಕ್ಷೆಯ ಒಂದು ಅಂಕದ ಪ್ರಶ್ನೆ ಅಷ್ಟೇ. ಆ ಒಂದು ಅಂಕದ ಹಿಂದೆ ಏನಿದೆ ಅಂತ ಹುಡುಕಲು ಹೊರಟಾಗ ಸಿಕ್ಕಿದ್ದು ಬರೀ ಒಬ್ಬರ ಜೀವನವಲ್ಲ, ಈ ರಾಜ್ಯದ ಮೂವತ್ತೈದು ವರ್ಷಗಳ ರಾಜಕಾರಣ.

ಹುಡುಕಾಟದಲ್ಲಿ ಮೊದಲು ಗೊತ್ತಾಗುವ ಸಂಗತಿ, ನಾಗರತ್ನಮ್ಮ ಚಾಮರಾಜನಗರ ಜಿಲ್ಲೆಯನ್ನು ನೋಡಲೇ ಇಲ್ಲ. ಅವರು ತೀರಿಕೊಂಡಿದ್ದು 1993ರಲ್ಲಿ, ಜಿಲ್ಲೆ ಆಗಿದ್ದು 1997ರಲ್ಲಿ. ಅವರ ಕಾಲದ ಗುಂಡ್ಲುಪೇಟೆ ಮೈಸೂರು ಜಿಲ್ಲೆಯ ತುದಿಯ ತಾಲ್ಲೂಕು. ಒಂದು ಕಡೆ ಊಟಿ ರಸ್ತೆ, ಇನ್ನೊಂದು ಕಡೆ ವಯನಾಡಿನ ರಸ್ತೆ, ನಡುವೆ ಬಂಡೀಪುರದ ಕಾಡು, ಉಳಿದಿದ್ದೆಲ್ಲ ಮಳೆ ನಂಬಿದ ಹೊಲ. ಆದ್ದರಿಂದ ಅವರ ಬಗ್ಗೆ ಹಳೇ ಕಾಗದಪತ್ರ ಬೇಕು ಅಂದರೆ ಮೈಸೂರು ಜಿಲ್ಲೆಯ ಹೆಸರಿನಲ್ಲೇ ಹುಡುಕಬೇಕು.

ರಾಜ್ಯಗಳ ಪುನರ್ವಿಂಗಡಣೆ ಆಗಿದ್ದು 1956ರ ನವೆಂಬರ್‌ನಲ್ಲಿ. ಅದಾದ ಮೇಲೆ ನಡೆದ ಮೊದಲ ಚುನಾವಣೆಯಲ್ಲೇ, ಅಂದರೆ 1957ರಲ್ಲಿ, ನಾಗರತ್ನಮ್ಮ ಗೆದ್ದರು. 1962, 1967, 1972ರಲ್ಲೂ ಗೆದ್ದರು. ಹೆಣ್ಣುಮಗಳೊಬ್ಬಳು ಒಮ್ಮೆ ಗೆದ್ದರೆ ಅದನ್ನು ಅಲೆ ಅನ್ನಬಹುದು, ಅನುಕಂಪ ಅನ್ನಬಹುದು. ನಾಲ್ಕು ಸಲ ಸತತವಾಗಿ ಗೆದ್ದರೆ ಏನಂತೀರಿ? ಅದು ತಳ ಭದ್ರವಿದ್ದ ರಾಜಕಾರಣ.

1972ರ ಮಾರ್ಚ್‌ನಲ್ಲಿ ದೇವರಾಜ ಅರಸು ಮುಖ್ಯಮಂತ್ರಿಯಾದರು, ನಾಗರತ್ನಮ್ಮ ಸ್ಪೀಕರ್ ಆದರು. ದೇಶದಲ್ಲಿ ವಿಧಾನಸಭೆಯೊಂದರ ಮೊದಲ ಮಹಿಳಾ ಸ್ಪೀಕರ್ ಹರಿಯಾಣದ ಶನ್ನೋ ದೇವಿ, 1966ರಲ್ಲಿ. ಲೋಕಸಭೆಗೆ ಮಹಿಳಾ ಸ್ಪೀಕರ್ ಸಿಕ್ಕಿದ್ದು 2009ರಲ್ಲಿ, ಮೀರಾ ಕುಮಾರ್. ಲೋಕಸಭೆಗಿಂತ ಮೂವತ್ತೇಳು ವರ್ಷ ಮೊದಲೇ ಗುಂಡ್ಲುಪೇಟೆಯ ಶಾಸಕಿ ಬೆಂಗಳೂರಿನಲ್ಲಿ ಆ ಪೀಠದ ಮೇಲೆ ಕೂತಿದ್ದರು.

ಆ ಪೀಠದ ಮುಂದೆ ಏನೇನು ನಡೆದುಹೋಯಿತು ಅನ್ನೋದು ಮುಖ್ಯ. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಹೀಗಾಗಿ ಮೈಸೂರು ವಿಧಾನಸಭೆಯ ಕೊನೆಯ ಸ್ಪೀಕರ್ ಅವರೇ, ಕರ್ನಾಟಕ ವಿಧಾನಸಭೆಯ ಮೊದಲ ಸ್ಪೀಕರ್ ಕೂಡ ಅವರೇ. ಈ ಮಾತನ್ನು ನಾನು ಯಾವ ಗೈಡಿನಲ್ಲೂ ನೋಡಿಲ್ಲ, ಎರಡು ದಿನಾಂಕ ಪಕ್ಕಪಕ್ಕ ಇಟ್ಟರೆ ಸಾಕು, ಗೊತ್ತಾಗುತ್ತೆ. ಗೇಣಿದಾರರಿಗೆ ಭೂಮಿಯ ಒಡೆತನ ಕೊಟ್ಟ ಭೂಸುಧಾರಣೆ ತಿದ್ದುಪಡಿ ಆ ಸದನದಲ್ಲೇ ಪಾಸಾಗಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಹಾವನೂರು ಆಯೋಗ ರಚನೆಯಾಗಿದ್ದು, ವರದಿ ಕೊಟ್ಟಿದ್ದು, ಬಸವಲಿಂಗಪ್ಪನವರ ಬೂಸಾ ಹೇಳಿಕೆಯ ಗಲಾಟೆ ಎದ್ದಿದ್ದು, ಎಲ್ಲವೂ ಆ ವರ್ಷಗಳಲ್ಲೇ. ಅರಸು ಕಾಲ ಅಂತ ನಾವು ಓದುವ ಪಾಠದಲ್ಲಿ ಸದನ ನಡೆಸಿದವರ ಹೆಸರೇ ಇರುವುದಿಲ್ಲ.

ಆಮೇಲೆ ತುರ್ತು ಪರಿಸ್ಥಿತಿ. ಆಗ ವಿಧಾನಸಭೆಯ ವಿರೋಧ ಪಕ್ಷದ ನಾಯಕ ಎಚ್.ಡಿ. ದೇವೇಗೌಡ. ಅವರನ್ನು ಬೆಂಗಳೂರಿನ ಜೈಲಿಗೆ ಹಾಕಲಾಯಿತು. ಇಲ್ಲಿ ಪ್ರಾಜೆಕ್ಟ್ ಬರೆಯುವವರಿಗೆ ಸುಲಭವಾದ ದಾರಿ ಇಲ್ಲ. ಸದನ ನಡೀತಿದೆ, ವಿರೋಧ ಪಕ್ಷದ ನಾಯಕ ಜೈಲಲ್ಲಿದ್ದಾರೆ, ಪೀಠದಲ್ಲಿ ಆಳುವ ಪಕ್ಷದಿಂದ ಬಂದ ಸ್ಪೀಕರ್ ಇದ್ದಾರೆ. ಮೊದಲ ಮಹಿಳೆ ಅನ್ನುವ ಹೆಮ್ಮೆಯ ಜೊತೆ ಈ ಪ್ರಶ್ನೆಯನ್ನೂ ಬರೆಯದೇ ಹೋದರೆ ಅದು ಇತಿಹಾಸ ಆಗಲ್ಲ, ಅಭಿನಂದನಾ ಗ್ರಂಥ ಆಗುತ್ತೆ. ಇಂದಿರಾ ಗಾಂಧಿ ಬಗ್ಗೆ ನಾವು ಕೇಳುವ ಪ್ರಶ್ನೆಯನ್ನು ನಮ್ಮೂರಿನವರ ಬಗ್ಗೆ ಕೇಳಲು ಹಿಂಜರಿಯಬಾರದು.

1977ರ ಡಿಸೆಂಬರ್ ಕೊನೆಗೆ ಅರಸು ಸರ್ಕಾರ ವಜಾ ಆಗಿ ರಾಷ್ಟ್ರಪತಿ ಆಳ್ವಿಕೆ ಬಂತು, ವಿಧಾನಸಭೆ ವಿಸರ್ಜನೆಯಾಯಿತು. ಆದರೆ ನಾಗರತ್ನಮ್ಮನವರ ಸ್ಪೀಕರ್ ಅವಧಿ 1978ರ ಮಾರ್ಚ್‌ವರೆಗೂ ಇದೆ. ಸಭೆಯೇ ಇಲ್ಲದಾಗ ಸ್ಪೀಕರ್ ಹೇಗೆ? ಉತ್ತರ ಸಂವಿಧಾನದ 179ನೇ ವಿಧಿಯಲ್ಲಿದೆ. ಸಭೆ ವಿಸರ್ಜನೆಯಾದರೂ ಹೊಸ ಸಭೆ ಮೊದಲ ಸಲ ಸೇರುವ ತನಕ ಸ್ಪೀಕರ್ ಸ್ಥಾನ ಖಾಲಿಯಾಗುವುದಿಲ್ಲ. ಮುಖ್ಯಮಂತ್ರಿ ಇಲ್ಲ, ಶಾಸಕರಿಲ್ಲ, ಸ್ಪೀಕರ್ ಮಾತ್ರ ಉಳಿದಿದ್ದರು.

1978ರ ಚುನಾವಣೆಯಲ್ಲಿ ಗುಂಡ್ಲುಪೇಟೆಯ ಜನ ಅವರನ್ನು ಗೆಲ್ಲಿಸಲಿಲ್ಲ. ಸ್ಪೀಕರ್ ಆಗಿದ್ದವರು ಸೋತ ಮೇಲೆ ಮನೆ ಸೇರುವುದೇ ಹೆಚ್ಚು. ಇವರು 1983ರಲ್ಲಿ ವಾಪಸ್ ಬಂದರು. ಅದು ರಾಜ್ಯದಲ್ಲಿ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂದ ಚುನಾವಣೆ. 1985ರಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷ ಭಾರಿ ಬಹುಮತ ಪಡೆದಾಗಲೂ ಕಾಂಗ್ರೆಸ್‌ನಿಂದ ಗೆದ್ದರು, ವಿರೋಧ ಪಕ್ಷದ ನಾಯಕಿಯಾದರು. ಹಿಂದೆ ಎತ್ತರದ ಪೀಠದಲ್ಲಿ ಕೂತು ಎರಡೂ ಕಡೆಯವರಿಗೆ ಮಾತಿನ ಸರದಿ ಕೊಡುತ್ತಿದ್ದವರು ಈಗ ಕೆಳಗಿನ ಬೆಂಚಿನಿಂದ ತಾವೇ ಸರದಿ ಕೇಳಬೇಕಾಯಿತು. 1989ರಲ್ಲಿ ಏಳನೇ ಗೆಲುವು, ಈ ಸಲ ಅಧಿಕಾರಕ್ಕೆ ಬಂದ ಪಕ್ಷದ ಕಡೆಯಿಂದ. ಶಾಸಕಿಯಾಗಿರುವಾಗಲೇ ತೀರಿಕೊಂಡರು.

ಮುಂದೆ ಏನಾಯಿತು? ಗುಂಡ್ಲುಪೇಟೆ ಮತ್ತೊಬ್ಬ ಮಹಿಳೆಯನ್ನು ಆರಿಸಿದ್ದು 2017ರ ಉಪಚುನಾವಣೆಯಲ್ಲಿ, ಗೀತಾ ಮಹದೇವ ಪ್ರಸಾದ್ ಅವರನ್ನು. ಕರ್ನಾಟಕ ವಿಧಾನಸಭೆಗೆ ಎರಡನೇ ಮಹಿಳಾ ಸ್ಪೀಕರ್ ಇವತ್ತಿಗೂ ಬಂದಿಲ್ಲ. 2023ರ ಚುನಾವಣೆಯಲ್ಲಿ 224 ಸ್ಥಾನಗಳಲ್ಲಿ ಮಹಿಳೆಯರು ಗೆದ್ದಿದ್ದು 10. ಅದೇ ವರ್ಷ ಸಂಸತ್ತು ಮೂರನೇ ಒಂದರಷ್ಟು ಮೀಸಲಾತಿಯ ತಿದ್ದುಪಡಿ ಪಾಸು ಮಾಡಿತು, ಆದರೆ ಜನಗಣತಿ ಮತ್ತು ಕ್ಷೇತ್ರ ಮರುವಿಂಗಡಣೆ ಆಗಲಿ ಅಂತ ಗಂಟು ಹಾಕಿತು. ಹೆಂಗಸರಿಗೆ ಕ್ಷೇತ್ರ ನಿಭಾಯಿಸೋಕೆ ಆಗುತ್ತಾ, ಗೆಲ್ಲೋ ಅಭ್ಯರ್ಥಿ ಎಲ್ಲಿದ್ದಾರೆ ಅಂತ ಪಕ್ಷಗಳು ಟಿಕೆಟ್ ಹಂಚುವಾಗ ಕೇಳುತ್ತವೆ. ಯಾವ ಮೀಸಲಾತಿಯೂ ಇಲ್ಲದ 1957ರಲ್ಲೇ, ಕಾಡಂಚಿನ ಒಂದು ತಾಲ್ಲೂಕು ಆ ಪ್ರಶ್ನೆಗೆ ಉತ್ತರ ಕೊಟ್ಟಾಗಿದೆ.

ಇತಿಹಾಸ ಓದುತ್ತಿರುವ ಗೆಳೆಯ ಗೆಳತಿಯರಿಗೆ ಒಂದು ಮಾತು. ಚುನಾವಣಾ ಫಲಿತಾಂಶಗಳು ಚುನಾವಣಾ ಆಯೋಗದ ವೆಬ್‌ಸೈಟ್‌ನಲ್ಲಿ ವರ್ಷವಾರು ಸಿಗುತ್ತವೆ. ಸ್ಪೀಕರ್ ಭಾಷಣ ಮಾಡುವವರಲ್ಲ, ಹಾಗಾಗಿ ಅವರನ್ನು ಭಾಷಣಗಳಲ್ಲಿ ಹುಡುಕಬೇಡಿ. ಸದನದ ನಡಾವಳಿಯಲ್ಲಿ ಯಾರಿಗೆ ಮಾತಾಡಲು ಬಿಟ್ಟರು, ಯಾರನ್ನು ಕೂರಿಸಿದರು, ಏನು ರೂಲಿಂಗ್ ಕೊಟ್ಟರು ಅಂತ ನೋಡಿ. ಕಾಗದ ಕಾಯುತ್ತೆ, ಮನುಷ್ಯರು ಕಾಯಲ್ಲ. 1972ರಲ್ಲಿ ಮತದಾನದ ವಯಸ್ಸು 21. ಆ ವರ್ಷ ಮೊದಲ ಓಟು ಹಾಕಿದವರಿಗೆ ಈಗ 75ರ ಆಸುಪಾಸು. ಅವರು ಇನ್ನೂ ನಮ್ಮ ಹಳ್ಳಿಗಳ ಜಗಲಿ ಮೇಲೆ ಕೂತಿದ್ದಾರೆ. ಫೋನಿನಲ್ಲಿ ರೆಕಾರ್ಡಿಂಗ್ ಆನ್ ಮಾಡಿ, ಯಾಕೆ ಆ ಹೆಣ್ಣುಮಗಳಿಗೇ ಓಟು ಹಾಕಿದಿರಿ ಅಂತ ಕೇಳಿ.